1912ರ ಟೈಟಾನಿಕ್ ಪುಸ್ತಕಕ್ಕೆ ಹೊಸ ರಟ್ಟು ಹಾಕಿಸಬಹುದೇ?

ಪ್ರಶ್ನೆ: ನಾನು ಅಮೆರಿಕದ ಫಿಲಡೆಲ್ಫಿಯಾ ಸಮೀಪ ವಾಸವಾಗಿದ್ದೇನೆ. ಹಳೆಯ ಮನೆಯೊಂದರ ಸಾಮಾನುಗಳನ್ನು ಮಾರುತ್ತಿದ್ದಾಗ ಟೈಟಾನಿಕ್ ದುರಂತದ ಕುರಿತು ಲೋಗನ್ ಮಾರ್ಷಲ್ ಸಂಪಾದಿಸಿದ ಪುಸ್ತಕವೊಂದನ್ನು ಐದು ಡಾಲರಿಗೆ ಕೊಂಡೆ. ಒಳಗೆ 1912 ಎಂದು ಅಚ್ಚಾಗಿದೆ. ಕೆಂಪು ಬಟ್ಟೆಯ ರಟ್ಟಿನ ಮೇಲೆ ಹಡಗಿನ ಚಿತ್ರ ಅಂಟಿಸಿದ್ದಾರೆ, ಬೆನ್ನು ಹರಿದಿದೆ. ಮೊದಲ ಹಾಳೆಯಲ್ಲಿ ಶಾಯಿಯ ಸಹಿಯಿದೆ. ನಡುವೆ ಬದುಕುಳಿದವರ ಪಟ್ಟಿಯಿರುವ ಪತ್ರಿಕೆಯ ತುಣುಕೊಂದು ಸಿಕ್ಕಿತು, ಅದರಲ್ಲಿ ಒಂದು ಹೆಸರಿನ ಕೆಳಗೆ ಪೆನ್ಸಿಲಿನ ಗೆರೆಯಿದೆ. ಇದು ಮೊದಲ ಆವೃತ್ತಿಯೇ? ಬೆಲೆ ಎಷ್ಟಾಗಬಹುದು? ಉಡುಪಿಯಲ್ಲಿರುವ ತಂದೆಯವರಿಗೆ ಕೊಡುವ ಮೊದಲು ಊರಿನ ಬೈಂಡರ್ ಹತ್ತಿರ ಹೊಸ ರಟ್ಟು ಹಾಕಿಸಬಹುದೇ?

ಉತ್ತರ: ದಯವಿಟ್ಟು ಹೊಸ ರಟ್ಟು ಹಾಕಿಸಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಈ ಪುಸ್ತಕ ಹುಟ್ಟಿದ ಬಗೆ ತಿಳಿದಿರಬೇಕು.

1912ರ ಏಪ್ರಿಲ್ 14ರ ರಾತ್ರಿ 11.40ಕ್ಕೆ ಹಿಮಬಂಡೆಗೆ ತಾಗಿದ ಟೈಟಾನಿಕ್, ಬೆಳಗಿನ ಜಾವ 2.20ಕ್ಕೆ ಮುಳುಗಿತು. ಬದುಕುಳಿದವರನ್ನು ಹೊತ್ತ ಕಾರ್ಪೇಥಿಯಾ 18ರ ರಾತ್ರಿ ನ್ಯೂಯಾರ್ಕ್ ತಲುಪಿತು. ಆ ದಿನಗಳ ಪತ್ರಿಕಾ ವರದಿಗಳನ್ನೂ ಬದುಕುಳಿದವರ ಮಾತುಗಳನ್ನೂ ಒಟ್ಟುಗೂಡಿಸಿ, ಪುಟ ತುಂಬಿಸಲು ಹಿಂದಿನ ಹಡಗು ದುರಂತಗಳ ಕಥೆಗಳನ್ನು ಸೇರಿಸಿ, ಹಲವು ಪ್ರಕಾಶಕರು ಆ ವರ್ಷವೇ ದಪ್ಪ ಪುಸ್ತಕಗಳನ್ನು ಹೊರತಂದರು. ಮಾರಾಟಗಾರರು ಮಾದರಿ ಪ್ರತಿಯನ್ನು ಹಿಡಿದು ಮನೆಮನೆಗೆ ಹೋಗಿ ಮುಂಗಡವಾಗಿ ಹೆಸರು ಬರೆಸಿಕೊಳ್ಳುತ್ತಿದ್ದರು. ಮಾರ್ಷಲ್ ಅವರ ಪುಸ್ತಕ ಈ ಗುಂಪಿನಲ್ಲಿ ತುಂಬ ಹರಡಿದ್ದು. ಅದರ ಹಕ್ಕು ಎಲ್. ಟಿ. ಮೈಯರ್ಸ್ ಹೆಸರಿನಲ್ಲಿದೆ; ಕೆಲವು ಪ್ರತಿಗಳಲ್ಲಿ ನಿಮ್ಮ ಫಿಲಡೆಲ್ಫಿಯಾದ್ದೇ ಆದ ಜಾನ್ ಸಿ. ವಿನ್‌ಸ್ಟನ್ ಕಂಪನಿಯ ಹೆಸರಿರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಹೀಗಾಗಿ 1912 ಎಂಬ ಮುದ್ರೆಯೊಂದರಿಂದಲೇ ಮೊದಲ ಮುದ್ರಣವೆಂದು ಹೇಳಲಾಗದು, ಹೇಳಿದರೂ ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಾಗದು. ಸಾವಿರಾರು ಮನೆಗಳು ಇದನ್ನು ಕೊಂಡು ಜೋಪಾನ ಮಾಡಿದ್ದರಿಂದ ಇದು ಇಂದಿಗೂ ಸುಲಭವಾಗಿ ಸಿಗುತ್ತದೆ. ಬೆನ್ನು ಹರಿದ ಪ್ರತಿಗೆ ಇಪ್ಪತ್ತು ಮೂವತ್ತು ಡಾಲರಿಗಿಂತ ಹೆಚ್ಚನ್ನು ನಿರೀಕ್ಷಿಸಬೇಡಿ.

ಸಂಗ್ರಾಹಕರು ಹೆಚ್ಚು ಹಣ ಕೊಡುವುದು ಬದುಕುಳಿದವರೇ ಬರೆದ ಪುಸ್ತಕಗಳ ಮೊದಲ ಮುದ್ರಣಗಳಿಗೆ. ಎರಡನೆಯ ದರ್ಜೆಯ ಪ್ರಯಾಣಿಕರಾಗಿದ್ದ ಶಿಕ್ಷಕ ಲಾರೆನ್ಸ್ ಬೀಸ್ಲಿಯವರ ಪುಸ್ತಕ 1912ರಲ್ಲಿಯೇ ಬಂತು. ಕವುಚಿದ ದೋಣಿಯ ಮೇಲೆ ನಿಂತು ರಾತ್ರಿ ಕಳೆದ ಆರ್ಚಿಬಾಲ್ಡ್ ಗ್ರೇಸಿಯವರ ಪುಸ್ತಕ 1913ರಲ್ಲಿ ಬಂತು, ಆದರೆ ಅವರು 1912ರ ಡಿಸೆಂಬರ್ 4ರಂದೇ ತೀರಿಕೊಂಡಿದ್ದರು. ಗ್ರೇಸಿಯವರೇ ಸಹಿ ಮಾಡಿದ ಪ್ರತಿ ಎಂದು ಯಾರಾದರೂ ಮುಂದೆ ನಿಮಗೆ ತೋರಿಸಿದರೆ ಈ ತಾರೀಖನ್ನು ನೆನಪಿಟ್ಟುಕೊಳ್ಳಿ.

ಬೆಲೆ ಕಡಿಮೆಯೆಂದು ನಿಮ್ಮ ಪುಸ್ತಕವನ್ನು ಹಗುರವಾಗಿ ಕಾಣಬೇಡಿ. ಟೈಟಾನಿಕ್‌ನದೆಂದು ಹೇಳಿಕೊಂಡಿರುವ ಚಿತ್ರಪುಟವೊಂದನ್ನು ಭೂತಗನ್ನಡಿಯಲ್ಲಿ ನೋಡಿ. ದೋಣಿಗಳು ನೇತಾಡುವ ಮೇಲಟ್ಟದ ಕೆಳಗೆ, ಹಡಗಿನ ಉದ್ದಕ್ಕೂ ಸಾಗುವ ನಡೆದಾಟದ ಅಂಕಣವೊಂದು ಕಾಣುತ್ತದೆ. ಟೈಟಾನಿಕ್‌ನಲ್ಲಿ ಅದರ ಮುಂದಿನ ಅರ್ಧಕ್ಕೆ ಕಿಟಕಿಗಳಿದ್ದವು. ಅದರ ಅಕ್ಕನಂತಿದ್ದ ಒಲಿಂಪಿಕ್ ಹಡಗಿನಲ್ಲಿ ಅದು ಕೊನೆಯವರೆಗೂ ತೆರೆದಿತ್ತು. ಟೈಟಾನಿಕ್‌ನ ಫೋಟೋಗಳು ಕಡಿಮೆಯಿದ್ದುದರಿಂದ ಅವಸರದ ಪ್ರಕಾಶಕರು ಒಲಿಂಪಿಕ್‌ನ ಫೋಟೋಗಳನ್ನೇ ಅಚ್ಚುಹಾಕಿದ್ದುಂಟು. ಹಡಗು ಮುಳುಗಿದ ರೀತಿಯನ್ನು ಓದುವಾಗಲೂ ಇಂಥದೇ ಎಚ್ಚರ ಬೇಕು. ಅದು ತುಂಡಾದುದನ್ನು ಕಣ್ಣಾರೆ ಕಂಡೆವೆಂದು ಕೆಲವರು ಹೇಳಿದ್ದರೂ, ಲಾರ್ಡ್ ಮರ್ಸಿ ನೇತೃತ್ವದ ಬ್ರಿಟಿಷ್ ವಿಚಾರಣೆ ಇಡಿಯಾಗಿಯೇ ಮುಳುಗಿತೆಂದು ತೀರ್ಮಾನಿಸಿತು. 1985ರ ಸೆಪ್ಟೆಂಬರ್ 1ರಂದು ಸುಮಾರು 3,800 ಮೀಟರ್ ಆಳದಲ್ಲಿ ಅವಶೇಷ ಸಿಕ್ಕಾಗ ಅದು ಎರಡಾಗಿ ಬಿದ್ದಿತ್ತು. ಸತ್ತವರ ಸಂಖ್ಯೆಯೇ ಅಮೆರಿಕದ ಸೆನೆಟ್ ವರದಿಯಲ್ಲಿ 1,517, ಬ್ರಿಟಿಷ್ ವರದಿಯಲ್ಲಿ 1,490. ಇತಿಹಾಸ ತಿಳಿಯಲು ಈ ಪುಸ್ತಕ ಸಾಲದು, ಆದರೆ ಸುದ್ದಿ ಇನ್ನೂ ಹಸಿಯಾಗಿದ್ದಾಗ ಸಾಮಾನ್ಯ ಮನೆಗಳಲ್ಲಿ ಜನ ಏನನ್ನು ನಂಬಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಆ ಸಾಕ್ಷಿಯ ಭಾಗವೇ ನಿಮ್ಮ ಪ್ರತಿಯ ಸಹಿ, ಕೆಂಪು ರಟ್ಟು, ಪೆನ್ಸಿಲಿನ ಗೆರೆ.

ರಟ್ಟು ಬದಲಿಸಬೇಡಿ ಎಂದದ್ದು ಇದಕ್ಕಾಗಿಯೇ. ನಮ್ಮಲ್ಲಿ ಬೈಂಡರುಗಳು ಸಾಮಾನ್ಯವಾಗಿ ಹಳೆಯ ಹೊಲಿಗೆ ಬಿಚ್ಚಿ, ಹೊಸದಾಗಿ ಹೊಲಿದು, ಮೂರೂ ಅಂಚುಗಳನ್ನು ಯಂತ್ರದಲ್ಲಿ ಕತ್ತರಿಸಿ ಸಮ ಮಾಡುತ್ತಾರೆ; ಶಾಲೆಯ ಪುಸ್ತಕಕ್ಕೆ ಅದು ಸರಿ. ಹೀಗೆ ಕಟ್ಟಿಸಿದ ಹಳೆಯ ಪುಸ್ತಕವೊಂದು ನನ್ನ ಕೈಗೆ ಬಂದಿತ್ತು, ಅದರ ಮೊದಲ ಹಾಳೆಯ ತುದಿಯಲ್ಲಿದ್ದ ಸಹಿಯ ಅರ್ಧ ಭಾಗ ಅಂಚಿನೊಂದಿಗೇ ಹೋಗಿತ್ತು, ಉಳಿದರ್ಧವನ್ನು ಓದಲಾಗಲಿಲ್ಲ. ಇದರ ಬದಲು ಆಮ್ಲರಹಿತ ರಟ್ಟಿನಿಂದ ಪುಸ್ತಕದ ಅಳತೆಗೆ ಪೆಟ್ಟಿಗೆಯೊಂದನ್ನು ಮಾಡಿಸಿ. ಹರಿದ ಬೆನ್ನನ್ನು ಅಗಲವಾದ ಹತ್ತಿಯ ಪಟ್ಟಿಯಿಂದ ಮೆಲ್ಲಗೆ ಕಟ್ಟಿಡಿ. ಸೆಲ್ಲೋಟೇಪನ್ನಂತೂ ಮುಟ್ಟಲೇಬೇಡಿ, ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಬಟ್ಟೆಯೊಳಗೆ ಇಳಿಯುತ್ತದೆ.

ಉಡುಪಿಯ ಹವೆಯ ವಿಚಾರದಲ್ಲಿ ನನಗೆ ನಿಜವಾದ ಆತಂಕವಿದೆ. ಮರದ ತಿರುಳಿನಿಂದ ಅಗ್ಗವಾಗಿ ತಯಾರಾದ ಆ ಕಾಲದ ಕಾಗದ ತನ್ನೊಳಗಿನ ಆಮ್ಲದಿಂದಲೇ ಕಂದಾಗಿ ಮುರಿಯತೊಡಗುತ್ತದೆ. ಚಿತ್ರಪುಟಗಳು ನುಣುಪು ಲೇಪದವಾಗಿದ್ದರೆ ಇನ್ನೊಂದು ಅಪಾಯವಿದೆ. ಆಟಿ ತಿಂಗಳ ಮಳೆಯಲ್ಲಿ ಅವು ತೇವ ಹೀರಿ ಒಂದಕ್ಕೊಂದು ಅಂಟಿಕೊಂಡರೆ ಹಾಳೆ ಹರಿಯದೆ ಬಿಡಿಸಲಾಗದು. ಪೆಟ್ಟಿಗೆಯನ್ನು ಹೊರಗೋಡೆಗೆ ತಾಗದ ಕಪಾಟಿನಲ್ಲಿ, ನೆಲದಿಂದ ಮೇಲೆ, ಗಾಳಿಯಾಡುವಂತೆ ಇಡಲು ತಂದೆಯವರಿಗೆ ಹೇಳಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಣಗಿದ ಕೈಗಳಿಂದ ಚಿತ್ರಪುಟಗಳನ್ನು ತಿರುವಿದರೆ ಸಾಕು. ಮಳೆ ಕಳೆದ ಮೇಲೆ ಪುಸ್ತಕಗಳನ್ನು ಬಿಸಿಲಿಗೆ ಹಾಕುವ ರೂಢಿ ನಮ್ಮ ಮನೆಗಳಲ್ಲಿದೆ, ಆದರೆ ಈ ಕಾಗದಕ್ಕೆ ಬಿಸಿಲು ತಾಳದು. ನೆರಳಿನ ಗಾಳಿಯೇ ಸಾಕು. ನುಸಿಗುಳಿಗೆಯನ್ನು ಪೆಟ್ಟಿಗೆಯೊಳಗೆ ಹಾಕಬಾರದು.

ಪತ್ರಿಕೆಯ ತುಣುಕನ್ನು ಇಂದೇ ಹೊರತೆಗೆಯಿರಿ. ಅದು ಇದ್ದ ಎರಡು ಪುಟಗಳ ಮೇಲೆ ಅದರದೇ ಆಕಾರದ ಕಂದು ನೆರಳು ಬಿದ್ದಿರುತ್ತದೆ. ಅದು ಪತ್ರಿಕೆಯ ಕಾಗದದ ಆಮ್ಲ ಮಾಡಿದ ಸುಡುವಿಕೆ. ತುಣುಕನ್ನು ಪಾರದರ್ಶಕ ಪಾಲಿಯೆಸ್ಟರ್ ಲಕೋಟೆಯಲ್ಲಿ ಬೇರೆಯಾಗಿಟ್ಟು, ಯಾವ ಪುಟಗಳ ನಡುವೆ ಇತ್ತು, ಪುಸ್ತಕ ಯಾವ ಬೀದಿಯ ಮನೆಯಿಂದ ಬಂತು ಎಂಬುದನ್ನು ಪೆನ್ಸಿಲಿನಲ್ಲಿ ಚೀಟಿಯೊಂದರ ಮೇಲೆ ಬರೆದು ಪೆಟ್ಟಿಗೆಗೆ ಹಾಕಿ. ಆಮೇಲೆ ಗೆರೆ ಎಳೆದ ಹೆಸರನ್ನು ಮೊದಲ ಹಾಳೆಯ ಸಹಿಯ ಪಕ್ಕದಲ್ಲಿಟ್ಟು ನೋಡಿ. ಹಡಗಿನಲ್ಲಿ ಫಿಲಡೆಲ್ಫಿಯಾದ ಜನರಿದ್ದರು. ಪುಸ್ತಕ ಸಂಗ್ರಾಹಕ ಹ್ಯಾರಿ ಎಲ್ಕಿನ್ಸ್ ವೈಡ್ನರ್ ಮತ್ತು ಅವರ ತಂದೆ ಮುಳುಗಿಹೋದರು, ಬದುಕಿಬಂದ ತಾಯಿ ಮಗನ ನೆನಪಿಗೆ ಕಟ್ಟಿಸಿದ ಗ್ರಂಥಾಲಯ ಹಾರ್ವರ್ಡ್‌ನಲ್ಲಿ 1915ರಲ್ಲಿ ತೆರೆಯಿತು. ಕಾರ್ಪೇಥಿಯಾದಿಂದ ನಿಸ್ತಂತು ಮೂಲಕ ಬಂದ ಮೊದಲ ಪಟ್ಟಿಗಳಲ್ಲಿ ಹೆಸರುಗಳ ಅಕ್ಷರಗಳು ಎಷ್ಟೋ ಕಡೆ ತಪ್ಪಾಗಿದ್ದವು. ಆದ್ದರಿಂದ ಗೆರೆ ಎಳೆದ ಆ ಹೆಸರು ಪ್ರಯಾಣಿಕರ ಪಟ್ಟಿಯಲ್ಲಿ ಸಿಗದಿದ್ದರೆ ಉಚ್ಚಾರ ಹತ್ತಿರವಿರುವ ಹೆಸರುಗಳನ್ನೂ ಹುಡುಕಿ. ತುಣುಕಿನ ಹಿಂಬದಿಯನ್ನೂ ಓದಿ. ಪತ್ರಿಕೆ ಯಾವುದು, ತಾರೀಖು ಯಾವುದು ಎಂಬುದು ಎಷ್ಟೋ ಸಲ ಅಲ್ಲಿರುವ ಸಣ್ಣ ಜಾಹೀರಾತಿನಿಂದಲೇ ತಿಳಿಯುತ್ತದೆ.