ರಾತ್ರಿ ಲಾರಿ ಓಡಿಸುವುದು ಹಗಲಿಗಿಂತ ಸುಲಭವಾ?

ಹೆವಿ ಲೈಸೆನ್ಸ್ ಸಿಕ್ಕಿ ಎರಡು ತಿಂಗಳಾಗಿದೆ, ಮೈಸೂರಿನ ಮಾಲೀಕರೊಬ್ಬರು ರಾತ್ರಿ ಲೈನ್ ಕೊಡ್ತೀನಿ ಅಂತಿದ್ದಾರೆ, ರಾತ್ರಿ ರಸ್ತೆ ಖಾಲಿ ಇರೋದರಿಂದ ಸುಲಭ ಅಂತಾರೆ, ನಿಜಾನಾ ಎಂದು ಕೇಳಿದ್ದೀರಿ. ನಾನು ಮಂಡ್ಯ ಕಡೆಯವನು. ಹದಿನಾಲ್ಕು ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ. ಮೊದಲು ಮದ್ದೂರು ಮಾರ್ಕೆಟ್ಟಿನಿಂದ ಎಳನೀರು ಲೋಡ್, ಈಗ ಮೈಸೂರಿನ ಬಂಡಿಪಾಳ್ಯ ಮಾರ್ಕೆಟ್ಟಿನಿಂದ ತರಕಾರಿ. ಹೆಚ್ಚಿನದೆಲ್ಲ ರಾತ್ರಿಯೇ. ರಸ್ತೆ ಖಾಲಿ ಇರುತ್ತದೆ ಅನ್ನೋದು ನಿಜ. ಸುಲಭ ಅನ್ನೋದನ್ನು ಮಾತ್ರ ಒಪ್ಪಲಾರೆ.

ಖಾಲಿ ರಸ್ತೆಯ ಸುಖ ದೊಡ್ಡದೇ. ಹಗಲಲ್ಲಿ ಮದ್ದೂರು ಬಿಟ್ಟು ಮಳವಳ್ಳಿ ಮುಟ್ಟುವಷ್ಟರಲ್ಲಿ ಕ್ಲಚ್ ತುಳಿದೂ ತುಳಿದೂ ಎಡಗಾಲು ಸೋತು ಹೋಗುತ್ತದೆ. ಒಂದೊಂದು ಊರಿಗೂ ಎರಡು ಹಂಪು, ಬಸ್ಸು ನಿಂತ ಕಡೆ ನಾವೂ ನಿಲ್ಲಬೇಕು, ಸ್ಕೂಲ್ ಬಿಡುವ ಹೊತ್ತಿಗೆ ಮಕ್ಕಳು. ರಾತ್ರಿ ಅದೇ ದಾರಿಯಲ್ಲಿ ಗೇರ್ ಬದಲಿಸುವುದೇ ಅಪರೂಪ, ಡೀಸೆಲ್ಲೂ ಉಳಿಯುತ್ತದೆ. ಏಪ್ರಿಲ್ ಬಿಸಿಲಲ್ಲಂತೂ ಹಗಲು ಕ್ಯಾಬಿನ್‌ನಲ್ಲಿ ಕೂರೋಕಾಗಲ್ಲ. ಮೇಲಿಂದ ಬಿಸಿಲು, ಕೆಳಗಿನಿಂದ ಇಂಜಿನ್ ಕಾವು. ಈಗ ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಮಾಡಿದ್ದಾರೆ, ಒಳ್ಳೆಯದಾಯಿತು. ನನ್ನದು ಹಳೇ ಗಾಡಿ. ಟೈರಿಗೂ ರಾತ್ರಿಯ ತಂಪು ಒಳ್ಳೆಯದು. ರೀಟ್ರೆಡ್ ಟೈರು (ಸವೆದ ಟೈರಿಗೆ ಹೊಸ ರಬ್ಬರ್ ಪಟ್ಟಿ ಅಂಟಿಸಿದ್ದು) ಸೀಳಿಕೊಂಡು ಹೋಗುವುದನ್ನು ನಾನು ಹೆಚ್ಚಾಗಿ ನೋಡಿರುವುದು ಮಧ್ಯಾಹ್ನದ ಹೊತ್ತಲ್ಲೇ.

ಇನ್ನು ಕಷ್ಟದ ಮಾತು. ಮೂರು ವರ್ಷದ ಹಿಂದೆ ಅದೇ ಮದ್ದೂರು-ಮಳವಳ್ಳಿ ದಾರಿಯ ಕೆ.ಎಂ.ದೊಡ್ಡಿ ದಾಟಿ ಬರುತ್ತಿದ್ದೆ. ಬೆಳಗಿನ ಜಾವ ನಾಲ್ಕು ಗಂಟೆ, ಕಬ್ಬು ಕಡಿಯುವ ಕಾಲ. ಎದುರಿಗೆ ಏನೂ ಇಲ್ಲ, ಬರೀ ಕತ್ತಲೆ. ಆ ಕತ್ತಲೆಯಲ್ಲಿ ಒಂದು ಕಡೆ ಮಾತ್ರ ಸ್ವಲ್ಪ ಜಾಸ್ತಿ ಕಪ್ಪಾಗಿದೆ ಅನ್ನಿಸಿತು. ಯಾಕೋ ಕಾಲು ಬ್ರೇಕಿಗೆ ಹೋಯಿತು. ಲೈಟಿಗೆ ಸಿಕ್ಕಿದ ಮೇಲೆ ಗೊತ್ತಾಯಿತು, ಅದು ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೈಲರ್. ಕೆಟ್ಟು ನಿಂತಿತ್ತು. ಹಿಂದೆ ಲೈಟ್ ಇಲ್ಲ. ಕೆಂಪು ರಿಫ್ಲೆಕ್ಟರ್ ಇದ್ದರೂ ಕಬ್ಬಿನ ಸೋಗೆ ಇಳಿಬಿದ್ದು ಪೂರಾ ಮುಚ್ಚಿಕೊಂಡಿತ್ತು. ನನ್ನ ಬಂಪರಿಗೂ ಆ ಸೋಗೆಗೂ ನಡುವೆ ಒಂದು ಮಾರು ಜಾಗ ಉಳಿದಿತ್ತು. ಕೆಳಗಿಳಿದರೆ ಕಾಲು ನಿಲ್ಲುತ್ತಿಲ್ಲ. ಟ್ರೈಲರ್ ಪಕ್ಕದಲ್ಲೇ ಒಬ್ಬ ಹುಡುಗ ಕಂಬಳಿ ಹೊದ್ದು ಮಲಗಿದ್ದ. ಅವನನ್ನು ಎಬ್ಬಿಸಿ, ಬೈಯೋಕೂ ಮನಸ್ಸು ಬರದೆ, ನನ್ನ ಗಾಡಿಯ ಇಂಡಿಕೇಟರ್ ಹಾಕಿಕೊಂಡು ಬೆಳಕು ಹರಿಯುವವರೆಗೂ ಅದರ ಹಿಂದೆಯೇ ನಿಂತೆ. ಅದೇ ಟ್ರೈಲರ್ ಹಗಲಲ್ಲಾಗಿದ್ದರೆ ಅರ್ಧ ಕಿಲೋಮೀಟರ್ ದೂರದಿಂದಲೇ ಕಾಣುತ್ತಿತ್ತು.

ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿಲೋಮೀಟರ್ ಅಂದರೆ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್. ಡಿಮ್ ಲೈಟಿನಲ್ಲಿ, ಬೆಳಕಿಲ್ಲದ ಗಾಡಿ ನನಗೆ ಕಾಣುವುದು 40-50 ಮೀಟರ್ ಹತ್ತಿರ ಬಂದಾಗ. ಕಂಡು, ಮನಸ್ಸಿಗೆ ಹೊಳೆದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಇಪ್ಪತ್ತು ಮೀಟರಿಗಿಂತ ಜಾಸ್ತಿ ಮುಗಿದಿರುತ್ತದೆ. ಉಳಿದ ಜಾಗದಲ್ಲಿ ಲೋಡ್ ಗಾಡಿ ನಿಲ್ಲಬೇಕು. ಆರು ಚಕ್ರದ ಲಾರಿಗೆ ಲೋಡ್ ಸೇರಿ ಹದಿನೆಂಟೂವರೆ ಟನ್‌ವರೆಗೆ ತೂಕ ಇರಬಹುದು. ಮಳೆ ಬಿದ್ದ ರಸ್ತೆಯಾದರೆ ಆಗದ ಮಾತು. ಅದಕ್ಕೇ ನಾನು ಹಳ್ಳಿ ರಸ್ತೆಯಲ್ಲಿ ರಾತ್ರಿ 40 ದಾಟುವುದಿಲ್ಲ. ಹಗಲಿನ ಸ್ಪೀಡನ್ನು ರಾತ್ರಿಗೆ ತರಬೇಡಿ. ಖಾಲಿ ರಸ್ತೆ ಕಂಡಾಗ ಕಾಲು ತಾನಾಗಿಯೇ ಒತ್ತುತ್ತದೆ, ಅಲ್ಲೇ ಎಲ್ಲರೂ ತಪ್ಪುವುದು.

ನಮ್ಮ ಕಡೆಯ ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ. ಸುಗ್ಗಿಯಲ್ಲಿ ರಾಗಿ, ಹುರುಳಿ ತಂದು ರಸ್ತೆ ಮೇಲೇ ಒಕ್ಕಣೆಗೆ ಹಾಕುತ್ತಾರೆ. ಹಗಲು ಜನ ಅಲ್ಲೇ ಇರುತ್ತಾರೆ, ಕೈ ತೋರಿಸುತ್ತಾರೆ. ರಾತ್ರಿ ಜನ ಮನೆಗೆ ಹೋಗಿರುತ್ತಾರೆ, ಮೆದೆ ಅಲ್ಲೇ ಇರುತ್ತದೆ, ಸುತ್ತ ಜೋಡಿಸಿದ ಕಲ್ಲೂ ಅಲ್ಲೇ. ಡಿಸೆಂಬರ್, ಜನವರಿಯಲ್ಲಿ ಶ್ರೀರಂಗಪಟ್ಟಣದ ಹೊಳೆ ಸಾಲಿನಲ್ಲಿ, ಗದ್ದೆ ಬಯಲಲ್ಲಿ ಮಂಜು ಬೇರೆ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಮುಂದೆ ಬಿಳಿ ಗೋಡೆ ಕಟ್ಟಿದ ಹಾಗೆ ಆಗುತ್ತದೆ. ಡಿಮ್‌ನಲ್ಲೇ ನಿಧಾನ ಹೋಗಿ. ಎದುರಿನವನು ಡಿಪ್ ಮಾಡದೆ ಕಣ್ಣಿಗೆ ಹೊಡೆದರೆ ನೀವೂ ಹೈ ಬೀಮ್ ಹಾಕಿ ಸೇಡು ತೀರಿಸಿಕೊಳ್ಳಬೇಡಿ. ಎಡಗಡೆಯ ಬಿಳಿ ಗೆರೆ ನೋಡಿಕೊಂಡು ವೇಗ ಇಳಿಸಿ. ದಿನಾ ಹೊರಡುವ ಮೊದಲು ಗಾಜಿನ ಒಳಮೈಯನ್ನೂ ಪೇಪರಿನಲ್ಲಿ ಒರೆಸಿ. ಒಳಗಿನ ಜಿಡ್ಡಿನಿಂದಲೇ ಎದುರು ಲೈಟು ಒಡೆದು ಹರಡಿದ ಹಾಗೆ ಕಾಣುವುದು.

ಇದೆಲ್ಲಕ್ಕಿಂತ ದೊಡ್ಡದು ನಿದ್ದೆ. ರಾತ್ರಿ ಎರಡರಿಂದ ಐದರವರೆಗೆ ಮೈ ಮಲಗು ಮಲಗು ಅನ್ನುತ್ತದೆ. ಎಷ್ಟು ವರ್ಷದ ಅನುಭವ ಇದ್ದರೂ ಅಷ್ಟೇ. ಕಣ್ಣು ಮುಚ್ಚಿದರೆ ತಾನೇ ನಿದ್ದೆ ಅಂದುಕೊಳ್ಳಬೇಡಿ. ಕಣ್ಣು ತೆರೆದೇ ಇರುತ್ತದೆ, ನಾಲ್ಕು ಸೆಕೆಂಡು ತಲೆ ಕೆಲಸ ಮಾಡಿರುವುದಿಲ್ಲ. ಅಷ್ಟರಲ್ಲಿ 60ರ ಸ್ಪೀಡಿನ ಗಾಡಿ 65 ಮೀಟರಿಗಿಂತ ಜಾಸ್ತಿ ಹೋಗಿರುತ್ತದೆ. ಮದ್ದೂರು ಯಾವಾಗ ದಾಟಿತು ಅಂತ ನೆನಪಾಗದಿದ್ದರೆ ಅದೇ ಗುರುತು. ಆಮೇಲೆ ಒಂದು ಕಿಲೋಮೀಟರೂ ಮುಂದೆ ಹೋಗಬೇಡಿ. ಹಾಡು ಜೋರು ಮಾಡುವುದು, ಮುಖಕ್ಕೆ ನೀರು ಹಾಕುವುದು, ಕಿಟಕಿ ಇಳಿಸುವುದು ಎಲ್ಲ ಹತ್ತು ನಿಮಿಷದ ಆಟ. ಒಂದು ಕಾಫಿ ಕುಡಿದು, ತಕ್ಷಣ ಸೀಟಿನಲ್ಲೇ ಇಪ್ಪತ್ತು ನಿಮಿಷ ಮಲಗಿ. ಏಳುವ ಹೊತ್ತಿಗೆ ಕಾಫಿಯೂ ಕೆಲಸ ಶುರು ಮಾಡಿರುತ್ತದೆ. ಆದರೆ ನಿಲ್ಲಿಸುವುದು ಪೆಟ್ರೋಲ್ ಬಂಕ್‌ನಲ್ಲೋ ಡಾಬಾದ ಜಾಗದಲ್ಲೋ ಆಗಿರಲಿ. ರಸ್ತೆ ಪಕ್ಕ ಲೈಟ್ ಆರಿಸಿ ಮಲಗಿದರೆ ಆ ಕಬ್ಬಿನ ಟ್ರೈಲರಿಗೂ ನಮಗೂ ವ್ಯತ್ಯಾಸ ಇಲ್ಲ.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಈ ಮಾತು ಇನ್ನೂ ಜಾಸ್ತಿ ಹೇಳಬೇಕಾಗಿದೆ. 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರನ್ನು ಮೇನ್ ರಸ್ತೆಗೆ ಬಿಡುತ್ತಿಲ್ಲ. ಆ ಭಯ ಕಮ್ಮಿಯಾಯಿತು. ಆದರೆ ಹಂಪಿಲ್ಲ, ಊರಿಲ್ಲ, ತಿರುವಿಲ್ಲ, ಒಂದೇ ಸಮನೆ ಇಂಜಿನ್ ಸದ್ದು. ಹಳೇ ರಸ್ತೆಯಲ್ಲಿ ಹಂಪುಗಳೇ ನಮ್ಮನ್ನು ಎಬ್ಬಿಸುತ್ತಿದ್ದವು.

ಕಾಡಿನ ದಾರಿ ಇದಕ್ಕೆ ತದ್ವಿರುದ್ಧ. ಕಲ್ಲಿಕೋಟೆ ಲೋಡ್ ಸಿಕ್ಕರೆ ಬಂಡೀಪುರ ದಾಟಬೇಕು. ಅಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಲಾರಿ ಬಿಡುವುದಿಲ್ಲ. ಮದ್ದೂರು ಗೇಟಿನಲ್ಲಿ ಸಾಲಾಗಿ ನಿಲ್ಲುತ್ತೇವೆ (ಇದು ನಮ್ಮ ಎಳನೀರಿನ ಮದ್ದೂರಲ್ಲ, ಗುಂಡ್ಲುಪೇಟೆ ಆಚೆಯದು). ಹೊಸದರಲ್ಲಿ ನನಗೂ ಸಿಟ್ಟು ಬರುತ್ತಿತ್ತು, ಟೊಮೆಟೊ ಬಾಡುತ್ತದೆ ಅಂತ. ಈಗ ಹಾಗನ್ನಿಸುವುದಿಲ್ಲ. ಆನೆ, ಜಿಂಕೆ ರಾತ್ರಿ ನೆಮ್ಮದಿಯಾಗಿ ರಸ್ತೆ ದಾಟಲಿ. ನನಗೂ ಐದಾರು ಗಂಟೆ ನಿದ್ದೆ ಆಗುತ್ತದೆ. ಕೇರಳ ಕಡೆಯ ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವುಗಳನ್ನು ಆಮೇಲೆ ಬೆಳಕಿನಲ್ಲೇ ಇಳಿಸುತ್ತೇನೆ.

ನನ್ನ ಕೇಳಿದರೆ ರಾತ್ರಿ ಡ್ರೈವಿಂಗ್ ಶುರುವಾಗುವುದು ಹಗಲು ಮನೆಯಲ್ಲಿ. ನಾನು ಮಲಗುವ ಕೋಣೆಯ ಕಿಟಕಿಗೆ ಹಳೇ ಟಾರ್ಪಾಲಿನ ತುಂಡು ಕಟ್ಟಿದ್ದೇನೆ, ಮಧ್ಯಾಹ್ನವೂ ಕತ್ತಲೆ. ಫೋನ್ ಹೆಂಡತಿ ಹತ್ತಿರ. ಯಾರಾದರೂ ಬಂದರೆ ಅವ್ವ ಜಗಲಿಯಲ್ಲೇ ಕೂರಿಸಿ ಮೆತ್ತಗೆ ಮಾತಾಡಿಸಿ ಕಳಿಸುತ್ತಾರೆ. ಮೊದಮೊದಲು ನೆಂಟರು ಬೇಜಾರು ಮಾಡಿಕೊಂಡರು, ಮಗನ ಸ್ಕೂಲ್ ಡೇಗೆ ಹೋಗದೆ ಮಲಗಿದ್ದಕ್ಕೆ ನನಗೇ ಎದೆ ಭಾರವಾಗಿತ್ತು. ರಾತ್ರಿ ಕೆಲಸದಲ್ಲಿ ನಿಜವಾಗಿ ಕಳೆದುಕೊಳ್ಳುವುದು ಇದನ್ನೇ. ಮದುವೆ, ತಿಥಿ, ಹಬ್ಬ, ಎಲ್ಲದರಲ್ಲೂ ನಾವು ಅರ್ಧ ಮಾತ್ರ ಇರುತ್ತೇವೆ. ಏಳು ಗಂಟೆ ನಿದ್ದೆ ಆಗದ ದಿನ ನಾನು ಸ್ಟೇರಿಂಗ್ ಮುಟ್ಟುವುದಿಲ್ಲ. ಆ ದಿನದ ಬಾಡಿಗೆ ಕೈತಪ್ಪಿದರೂ ಸರಿ. ಹೊರಡುವ ಮುಂಚೆ ಹೊಟ್ಟೆ ತುಂಬ ಮುದ್ದೆ ಉಣ್ಣುವುದನ್ನೂ ಬಿಟ್ಟಿದ್ದೇನೆ, ವಾಪಸ್ ಬಂದ ಮೇಲೆ ಉಣ್ಣುತ್ತೇನೆ.

ನಿಮ್ಮ ಮಾಲೀಕರ ಹತ್ತಿರ ಮೊದಲ ಎರಡು ಮೂರು ತಿಂಗಳು ಹಗಲು ಲೈನೇ ಕೇಳಿ. ಅದೇ ದಾರಿಯ ತಿರುವು, ಹಂಪು, ನಾಲೆ ಏರಿ ಎಲ್ಲ ಕಣ್ಣಿಗೆ ಕೂರಲಿ. ವಿ.ಸಿ. ನಾಲೆ (ವಿಶ್ವೇಶ್ವರಯ್ಯ ನಾಲೆ) ಪಕ್ಕದ ರಸ್ತೆಗಳನ್ನಂತೂ ಬೆಳಕಿನಲ್ಲಿ ನೋಡದೆ ರಾತ್ರಿ ಹೋಗಲೇಬೇಡಿ. ಆಮೇಲೆ ರಾತ್ರಿ ಲೈನ್ ಒಪ್ಪಿಕೊಳ್ಳುವಾಗ ಮೂರು ಮಾತು ಕೇಳಿ. ವಾಪಸ್ ಲೋಡ್ ಅದೇ ಹಗಲು ಹತ್ತಿಸುತ್ತೀರಾ, ಅಥವಾ ಮಲಗೋಕೆ ಬಿಡುತ್ತೀರಾ? ದೂರದ ಲೋಡಿಗೆ ಎರಡನೇ ಡ್ರೈವರ್ ಇರುತ್ತಾರಾ? ದಾರಿಯಲ್ಲಿ ನಿಂತು ಮಲಗಿ ತಡವಾದರೆ ದುಡ್ಡು ಹಿಡಿಯುತ್ತೀರಾ? 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಅಂತ ಇತ್ತು. ಆ ಲೆಕ್ಕವನ್ನು ಮರ್ಯಾದೆಯಿಂದಲೇ ನೆನಪಿಸಿ. ಮೂರನೇ ಪ್ರಶ್ನೆಗೆ ಅವರು ಹೌದು ಹಿಡಿಯುತ್ತೇವೆ ಅಂದರೆ ಆ ಕೆಲಸ ಬೇಡ. ಮೈಸೂರು, ಮಂಡ್ಯದಲ್ಲಿ ಡ್ರೈವರ್ ಬೇಕು ಅನ್ನುವವರು ಬೇಕಾದಷ್ಟು ಜನ ಇದ್ದಾರೆ.