ಹೆಸರು ಬಿಟ್ಟರೆ ಸಾಕೆ?

ಪ್ರಶ್ನೆ: ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣದ ವರದಿಯಲ್ಲಿ ಬಾಲಕಿಯ ಹೆಸರು ಹಾಕಿರಲಿಲ್ಲ. ಆದರೂ ಡೆಸ್ಕ್‌ನವರು ಸುದ್ದಿಯನ್ನು ತಡೆಹಿಡಿದರು. ಏಕೆ?

ಉತ್ತರ: 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರಿಗಷ್ಟೇ ಅಲ್ಲ, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆಗೂ ತಡೆ ಹಾಕುತ್ತದೆ. 'ಮಲತಂದೆ ಬಂಧನ' ಎಂದು ಬರೆದು, ಕೆಳಗೆ ಆತನ ಹೆಸರು, ಊರು ಕೊಟ್ಟರೆ ಮಗು ಯಾರೆಂದು ಊರಿಗೇ ಗೊತ್ತಾಗುತ್ತದೆ. ಆರೋಪಿಯ ಹೆಸರು ಅಥವಾ ಸಂಬಂಧ, ಎರಡರಲ್ಲಿ ಒಂದನ್ನು ಬಿಡಲೇಬೇಕು. ನಮ್ಮ ಪ್ರಕಾರ ಹೆಸರು ಬಿಡುವುದೇ ಕ್ಷೇಮ. ಊರು ಚಿಕ್ಕದಾದರೆ ಅದನ್ನೂ ಬಿಡಿ, ಜಿಲ್ಲೆ ಸಾಕು.

ಡಿಜಿಟಲ್‌ನಲ್ಲಿ ಎಡವುವುದು ಹೆಚ್ಚಾಗಿ ಪಠ್ಯದಾಚೆ. ಶೀರ್ಷಿಕೆ ತಿದ್ದಿದರೂ ಸುದ್ದಿ ಪ್ರಕಟಿಸುವ ಹಲವು ವ್ಯವಸ್ಥೆಗಳಲ್ಲಿ ಲಿಂಕ್ ವಿಳಾಸವಾದ ಯುಆರ್‌ಎಲ್ ಹಳೆಯ ಶೀರ್ಷಿಕೆಯ ಪದಗಳೊಂದಿಗೇ ಉಳಿಯುತ್ತದೆ. ಫೋಟೊ ಫೈಲಿನ ಹೆಸರು, ಆಲ್ಟ್ ಟೆಕ್ಸ್ಟ್ (ಫೋಟೊಗೆ ಜೋಡಿಸಿದ, ತೆರೆಯಲ್ಲಿ ಕಾಣದ ವಿವರಣೆ), ಟ್ಯಾಗ್, ವಾಟ್ಸ್ಆ್ಯಪ್ ಪ್ರಿವ್ಯೂ ಎಲ್ಲವನ್ನೂ ಪ್ರಕಟಣೆಗೆ ಮುನ್ನವೇ ನೋಡಿ. ಓದುಗರ ಫೋನ್ ತಲುಪಿದ ನೋಟಿಫಿಕೇಶನ್ ಬಿಟ್ಟ ಬಾಣದಂತೆ. ಎಫ್‌ಐಆರ್ ಪ್ರತಿಯ ಫೋಟೊ ಹಾಕುವ ಚಾಳಿಯಂತೂ ಬೇಡವೇ ಬೇಡ. ಮಸುಕು ಮಾಡಿದ ಸಾಲಿನ ಪಕ್ಕದಲ್ಲೇ ತಂದೆಯ ಹೆಸರು ಇಣುಕುತ್ತಿರುತ್ತದೆ.

ಪ್ರಶ್ನೆ: ಹೈಕೋರ್ಟ್ ಎಫ್‌ಐಆರ್ ರದ್ದುಪಡಿಸಿದರೆ 'ಆರೋಪಿ ಖುಲಾಸೆ' ಎನ್ನಬಹುದೆ?

ಉತ್ತರ: ಕೂಡದು. ವಿಚಾರಣೆ ನಡೆದು ತೀರ್ಪು ಬಂದ ಮೇಲಷ್ಟೇ ಖುಲಾಸೆ. ಇಲ್ಲಿ 'ಎಫ್‌ಐಆರ್ ರದ್ದು' ಎಂದೇ ಬರೆಯಿರಿ. ಮಧ್ಯಂತರ ತಡೆ ಸಿಕ್ಕಿದ್ದರೆ ಅದೂ ರದ್ದಲ್ಲ. ಬಂಧನದ ಹಳೆಯ ಸುದ್ದಿಯ ತಲೆಯಲ್ಲೇ ಆದೇಶದ ದಿನಾಂಕ ಸಹಿತ ಒಂದು ಸಾಲು ಸೇರಿಸಿ. ಗೂಗಲ್‌ನಲ್ಲಿ ಹುಡುಕಿದವರಿಗೆ ಎಷ್ಟೋ ಸಲ ಮೊದಲು ಸಿಗುವುದು ಆ ಹಳೆಯ ಸುದ್ದಿಯೇ.