ಮೈದುನನ ಗುಟ್ಟು, ನಿಮ್ಮ ಖಾತೆ

ದಾವಣಗೆರೆಯಿಂದ ಬಂದ ಒಂದು ಪತ್ರ ಓದಿ ನನಗೆ ಸಿಟ್ಟು ಬಂತು. ಬರೆದವರ ಮೇಲಲ್ಲ. ಅವರು "ದೇವರಂಥವರು" ಅಂತ ಹೊಗಳಿದ್ದಾರಲ್ಲ, ಅವರ ಮೇಲೆ. ಆ ದೇವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪತ್ರದ ಸಾರಾಂಶ ಇಷ್ಟು. ಬರೆದವರಿಗೆ 34 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಸೀರೆಗೆ ಫಾಲ್ಸ್ ಹಾಕುತ್ತಾರೆ, ಕುಚ್ಚು ಕಟ್ಟುತ್ತಾರೆ. ಗಂಡನಿಗೆ ಔಷಧಿ ಮಾರಾಟದ ಕೆಲಸ, ವಾರದಲ್ಲಿ ಅರ್ಧದಷ್ಟು ದಿನ ಊರೂರು ಸುತ್ತಾಟ. ಮನೆಯಲ್ಲಿ ಇನ್ನಿಬ್ಬರು. ಒಬ್ಬರು ನಿವೃತ್ತ ಮೇಷ್ಟ್ರು ಮಾವ. ಇನ್ನೊಬ್ಬ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ 23ರ ಮೈದುನ. ಅತ್ತೆ ತೀರಿಕೊಂಡಾಗ ಆ ಹುಡುಗ ಇನ್ನೂ ಹೈಸ್ಕೂಲು. ಅಲ್ಲಿಂದ ಈಚೆಗೆ ಅವನ ಊಟ, ಬಟ್ಟೆ, ಪರೀಕ್ಷೆ, ಜ್ವರ ಎಲ್ಲ ಅತ್ತಿಗೆಯ ಪಾಲಿಗೆ.

ಹುಡುಗ ಮೊಬೈಲಿನಲ್ಲಿ ದುಡ್ಡು ಕಟ್ಟಿ ರಮ್ಮಿ ಆಡುತ್ತಾನೆ. ಮೊದಲು ತನ್ನ ಫೋನಿನಿಂದ ಕಟ್ಟುತ್ತಿದ್ದ. ಆಮೇಲೆ, "ನನ್ನ ವ್ಯಾಲೆಟ್ ಲಿಮಿಟ್ ಮುಗೀತು ಅತ್ತಿಗೆ, ನಿಮ್ಮದರಿಂದ ಒಂದು ಐನೂರು ಹಾಕ್ಲಾ?" ಅತ್ತಿಗೆಯ ಫೋನಿನಲ್ಲಿ ಯುಪಿಐ ಲೈಟ್ ಇದೆ, ಅಂದರೆ ಸಣ್ಣ ಪೇಮೆಂಟ್‌ಗಳಿಗೆಂದು ಆ್ಯಪ್‌ನಲ್ಲೇ ದುಡ್ಡು ತುಂಬಿಡುವ ವ್ಯವಸ್ಥೆ. ಪಿನ್ ಕೇಳಲ್ಲ. ಇವರು ಮಷಿನ್ ತುಳಿಯುತ್ತಾ ಇರುತ್ತಾರೆ, ಅವನೇ ಫೋನ್ ಎತ್ತಿಕೊಂಡು ಹಾಕಿಕೊಳ್ಳುತ್ತಾನೆ. ಐದು ತಿಂಗಳಲ್ಲಿ ನಲವತ್ತು ಸಾವಿರದ ಹತ್ತಿರ ಹೋಗಿದೆ. ಮಾವನಿಗೆ ಇದು ಗೊತ್ತು. "ದೊಡ್ಡವನಿಗೆ ಹೇಳಬೇಡಮ್ಮ, ರಂಪ ಆಗುತ್ತೆ, ಹೋದದ್ದು ನಾನು ತುಂಬಿ ಕೊಡ್ತೀನಿ" ಅಂದಿದ್ದಾರೆ. ಪಿಂಚಣಿ ಬಂದ ಕೂಡಲೇ ನೋಟು ಎಣಿಸಿ ಕೊಡುತ್ತಲೂ ಇದ್ದಾರೆ. "ಹಾಗಾಗಿ ನನಗೆ ನಷ್ಟ ಅಂತ ಏನೂ ಆಗಿಲ್ಲ. ಆದರೆ ಯಜಮಾನರಿಂದ ಮುಚ್ಚಿಡುವುದು ಚುಚ್ಚುತ್ತಿದೆ. ಹೇಳಿದರೆ ನನ್ನನ್ನೇ ನಂಬಿದ ಹುಡುಗನಿಗೆ ಮೋಸ. ಏನು ಮಾಡಲಿ?" ಇದು ಅವರ ಪ್ರಶ್ನೆ.

ತಂಗಿ, ನಿಮ್ಮ ಪ್ರಶ್ನೆ ಇದಲ್ಲ. ನಿಮ್ಮ ನಿಜವಾದ ತೊಂದರೆ ಪತ್ರದ ಕೊನೆಯಲ್ಲಿ, ಬ್ರಾಕೆಟ್ ಒಳಗೆ ಕೂತಿದೆ. ಅದನ್ನು ಹಾಗೇ ಕೊಡುತ್ತೇನೆ: "(ಎರಡು ಸಲ ಅವನು ಗೆದ್ದ ದುಡ್ಡು ನನ್ನ ಖಾತೆಗೇ ಬಂತು, ಯಾರೋ ಗೊತ್ತಿಲ್ಲದವರ ಹೆಸರಲ್ಲಿ. ಎಟಿಎಂನಿಂದ ತೆಗೆದು ಕೊಟ್ಟೆ.)"

ಇಡೀ ಪತ್ರದಲ್ಲಿ ನನ್ನ ನಿದ್ದೆ ಕೆಡಿಸಿದ ಸಾಲು ಇದೊಂದೇ.

ನಿಮ್ಮ ಮೈದುನ ಈಗ ಆಡುತ್ತಿರುವುದು ಮೊದಲು ಆಡುತ್ತಿದ್ದ ಆ್ಯಪ್ ಅಲ್ಲ. ಆಗಿರುವುದಕ್ಕೆ ಸಾಧ್ಯವೇ ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ದೊಡ್ಡ ಕಂಪನಿಗಳು ಕೆಲವೇ ದಿನಗಳಲ್ಲಿ ದುಡ್ಡಿನ ಆಟ ನಿಲ್ಲಿಸಿದವು. ಅದಾದ ಮೇಲೂ ದುಡ್ಡು ತೆಗೆದುಕೊಳ್ಳುತ್ತಿರುವವರು ಕಳ್ಳದಾರಿಯವರು. ಟೆಲಿಗ್ರಾಂನಲ್ಲಿ ಲಿಂಕ್ ಬರುತ್ತದೆ ಅಂತ ನೀವೇ ಬರೆದಿದ್ದೀರಿ. "ರಮ್ಮಿ ಬುದ್ಧಿಯ ಆಟ, ಕೋರ್ಟೇ ಹೇಳಿದೆ" ಅಂತ ಅವನು ವಾದ ಮಾಡುತ್ತಾನಂತೆ. ಹೌದು, 1968ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಆ ಕೇಸು ಸಿಕಂದರಾಬಾದಿನ ಒಂದು ಕ್ಲಬ್ಬಿನದು. ಅಲ್ಲಿ ಎಲೆ ಕಲೆಸುವವನ ಕೈ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ನಮ್ಮ ರಾಜ್ಯ 2021ರಲ್ಲಿ ಮಾಡಿದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿದ್ದೂ ನಿಜ. ಹುಡುಗ ಓದಿಕೊಂಡಿದ್ದಾನೆ, ಪರವಾಗಿಲ್ಲ. ಆದರೆ ಹೊಸ ಕಾನೂನಿನಲ್ಲಿ ಬುದ್ಧಿಯ ಆಟ, ಅದೃಷ್ಟದ ಆಟ ಅನ್ನುವ ಭೇದವೇ ಇಲ್ಲ. ದುಡ್ಡು ಕಟ್ಟಿ ಗೆಲ್ಲುವ ಆಸೆಯಿಂದ ಆಡುವುದಾದರೆ ಮುಗಿಯಿತು. ಆಡುವವನಿಗೆ ಅದರಲ್ಲಿ ಶಿಕ್ಷೆ ಇಲ್ಲ. ಆಡಿಸುವವರಿಗೆ, ಜಾಹೀರಾತು ಮಾಡುವವರಿಗೆ, ದುಡ್ಡು ಸಾಗಿಸಿಕೊಡುವ ಬ್ಯಾಂಕು, ಪೇಮೆಂಟ್ ಕಂಪನಿಗಳಿಗೆ ಇದೆ.

ಎಡವಟ್ಟು ಇರುವುದು ಇಲ್ಲೇ. ಬ್ಯಾಂಕುಗಳು ಹತ್ತಿರ ಬಿಟ್ಟುಕೊಳ್ಳದ ಮೇಲೆ ಈ ಸೈಟಿನವರು ದುಡ್ಡು ಹೇಗೆ ತೆಗೆದುಕೊಳ್ಳಬೇಕು? ಕಮಿಷನ್ ಆಸೆ ತೋರಿಸಿ ಯಾರ್ಯಾರದೋ ಖಾತೆ ಬಾಡಿಗೆಗೆ ಹಿಡಿಯುತ್ತಾರೆ. ಕಾಲೇಜು ಹುಡುಗರದು, ಕೂಲಿಯವರದು. ಇವತ್ತು ಒಂದು ಹೆಸರಿನ ಕ್ಯೂಆರ್, ನಾಳೆ ಇನ್ನೊಂದು. ನಿಮ್ಮ ಆ್ಯಪ್‌ನ ಹಿಸ್ಟರಿ ತೆಗೆದು ನೋಡಿ, ಅಷ್ಟೂ ಪೇಮೆಂಟ್ ಒಂದೇ ಹೆಸರಿಗೆ ಹೋಗಿರುವುದಿಲ್ಲ. ಗೆದ್ದವರಿಗೆ ದುಡ್ಡು ಬರುವುದೂ ಇಂಥ ಖಾತೆಗಳಿಂದಲೇ. ಇದೇ ಬಾಡಿಗೆ ಖಾತೆಗಳಲ್ಲಿ ಬೇರೆ ಮೋಸದ ದುಡ್ಡೂ ಓಡಾಡುತ್ತದೆ. ಎಲ್ಲೋ ಒಬ್ಬ ಅಜ್ಜನಿಗೆ ಯಾರೋ ಪೊಲೀಸ್ ವೇಷದಲ್ಲಿ ವಿಡಿಯೊ ಕಾಲ್ ಮಾಡಿ ಹೆದರಿಸಿ ಕಿತ್ತುಕೊಂಡದ್ದೂ ಅದರಲ್ಲಿ ಇರಬಹುದು. ಅಜ್ಜ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡುತ್ತಾನೆ. ಆ ದುಡ್ಡು ಯಾವ ಖಾತೆಯಿಂದ ಯಾವ ಖಾತೆಗೆ ಹೋಯಿತು ಅಂತ ಪೊಲೀಸರು ಜಾಡು ಹಿಡಿಯುತ್ತಾರೆ. ಸಾಲಿನಲ್ಲಿ ಸಿಕ್ಕ ಖಾತೆಗಳಿಗೆ ತಡೆ ಬೀಳುತ್ತದೆ. ಆ ಸಾಲಿನಲ್ಲಿ ದಾವಣಗೆರೆಯ ಒಬ್ಬ ಟೈಲರಮ್ಮನ ಖಾತೆಯೂ ಇರಬಹುದು, ಅಲ್ವಾ?

ಹಾಗೆ ತಡೆ ಬಿದ್ದರೆ ಬ್ಯಾಂಕಿನವರು ಕೈ ಚೆಲ್ಲುತ್ತಾರೆ. ದೂರು ದಾಖಲಾದದ್ದು ಯಾವುದೋ ರಾಜ್ಯದ ಠಾಣೆಯಲ್ಲಿ, ಅಲ್ಲಿಂದ ಪತ್ರ ತನ್ನಿ ಅನ್ನುತ್ತಾರೆ. ಅಷ್ಟರವರೆಗೆ ಗಿರಾಕಿಗಳು ಸ್ಕ್ಯಾನ್ ಮಾಡಿ ಕೊಟ್ಟ ಹೊಲಿಗೆ ದುಡ್ಡು ನಿಮಗೆ ಸಿಗಲ್ಲ. ಸಂಘದ ಸಾಲದ ಕಂತು ಕಟ್ಟಲಾಗಲ್ಲ. ಆಗ ಮಾವನವರು ನೋಟು ಎಣಿಸಿ ಕೊಟ್ಟರೆ ಏನು ಬಂತು?

ಈಗ ಆ ದೇವರಂಥ ಮಾವನ ವಿಷಯ. ಬೇಜಾರಾದರೂ ಕೇಳಿ. ಈ ಆಟ ಐದು ತಿಂಗಳು ನಡೆದದ್ದು ಹುಡುಗನ ಚಟದಿಂದ ಮಾತ್ರ ಅಲ್ಲ, ಮೇಷ್ಟ್ರ ಪಿಂಚಣಿಯಿಂದ. ಸೋತದ್ದನ್ನು ಯಾರೋ ಒಬ್ಬರು ಸದ್ದಿಲ್ಲದೆ ತುಂಬಿಕೊಟ್ಟರೆ ಚಟ ಹಿಡಿದವನಿಗೆ ಸೋಲು ಅನ್ನುವುದೇ ತಟ್ಟುವುದಿಲ್ಲ. ಜೀವನಪೂರ್ತಿ ಮಕ್ಕಳಿಗೆ ಪಾಠ ಹೇಳಿದವರಿಗೆ ಇದು ಗೊತ್ತಿಲ್ಲವೇ? ಗೊತ್ತಿದೆ. ಹಿರಿಮಗನ ಎದುರು ಮಾತೆತ್ತುವ ಧೈರ್ಯ ಇಲ್ಲ, ಅಷ್ಟೆ. ಅದಕ್ಕೆ ಸೊಸೆಯ ಫೋನನ್ನು ಅಡ್ಡ ಇಟ್ಟುಕೊಂಡಿದ್ದಾರೆ. ಈ ಅಂಕಣ ಓದುವವರಿಗೆ ನನ್ನ ಈ ಮಾತು ಕೇಳಿ ಕೇಳಿ ಸಾಕಾಗಿರಬಹುದು, ಆದರೂ ಹೇಳುತ್ತೇನೆ: ನಮ್ಮ ಮನೆಗಳಲ್ಲಿ ಹೆಣ್ಣುಮಗಳ ದುಡಿಮೆಗೆ ಎಲ್ಲರೂ ಪಾಲುದಾರರು, ಅವಳ ಹೆಸರಿನಲ್ಲಿ ಬರುವ ನೋಟಿಸಿಗೆ ಮಾತ್ರ ಅವಳೊಬ್ಬಳೇ. ಪೊಲೀಸರು ಕೇಳುವುದು ಖಾತೆ ಯಾರದು ಅಂತ. ಆಡಿದವರು ಯಾರು, ಸುಮ್ನಿರು ಅಂದವರು ಯಾರು ಅನ್ನುವುದೆಲ್ಲ ಆಮೇಲಿನ ಮಾತು.

ಹುಡುಗನ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ತಾಯಿ ಇಲ್ಲ, ಕೆಲಸ ಇಲ್ಲ, ಕೈಯಲ್ಲಿ ಫೋನ್ ಇದೆ. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲೇ ಇಟ್ಟಿದೆ. ಬೈದರೆ, ಹೊಡೆದರೆ ಹೋಗುವಂಥದ್ದಲ್ಲ.

ಇನ್ನು ಯಜಮಾನರಿಗೆ ಹೇಳಬೇಕೋ ಬೇಡವೋ ಅನ್ನುವುದು. ನೀವು ಮೈದುನನಿಗೆ ಮಾತು ಕೊಟ್ಟದ್ದು ಅವನ ಗುಟ್ಟಿಗೆ. ನಿಮ್ಮ ಖಾತೆ ಅವನ ಗುಟ್ಟಲ್ಲ. "ನಿಮ್ಮ ತಮ್ಮ ಜೂಜಾಡುತ್ತಾನೆ" ಅಂತ ಶುರು ಮಾಡಬೇಡಿ. "ನನ್ನ ಖಾತೆಗೆ ಗೊತ್ತಿಲ್ಲದವರ ದುಡ್ಡು ಎರಡು ಸಲ ಬಂದಿದೆ, ನನಗೆ ಭಯ ಆಗಿದೆ" ಅಂತ ಶುರು ಮಾಡಿ. ಇದು ಚಾಡಿ ಅಲ್ಲ, ನಿಮ್ಮ ಸಮಾಚಾರ. ಮುಂದಿನದನ್ನು ಅವರೇ ಕೇಳುತ್ತಾರೆ. ಕೇಳಿದಾಗ ಸುಳ್ಳು ಹೇಳಬೇಡಿ. ರಂಪ ಆಗಬಹುದು. ಆಗಲಿ, ರಂಪ ಎರಡು ದಿನದ್ದು.

ಇಷ್ಟು ದಿನ ಅವರಿಗೆ ಯಾಕೆ ಗೊತ್ತಾಗಲಿಲ್ಲ ಅಂತ ನಿಮಗೇ ಆಶ್ಚರ್ಯವಂತೆ, ಪಾಸ್‌ಬುಕ್ ಎಂಟ್ರಿ ಹಾಕಿಸುವುದು ಅವರೇ ಅಂತ ಬರೆದಿದ್ದೀರಿ. ಯುಪಿಐ ಲೈಟ್ ಇರುವುದೇ ಹಾಗೆ. ಬ್ಯಾಂಕಿನ ಪುಸ್ತಕದಲ್ಲಿ ಲೈಟ್‌ಗೆ ದುಡ್ಡು ತುಂಬಿದ್ದು ಮಾತ್ರ ಕಾಣುತ್ತದೆ. ಅಲ್ಲಿಂದ ಯಾರಿಗೆ ಹೋಯಿತು ಅನ್ನುವುದು ಆ್ಯಪ್ ಒಳಗೇ ಉಳಿಯುತ್ತದೆ. ಐದು ಸಾವಿರದವರೆಗೆ ತುಂಬಿಡಬಹುದು, ಒಂದು ಸಲಕ್ಕೆ ಸಾವಿರದವರೆಗೆ ಪಿನ್ ಇಲ್ಲದೆ ಕಳಿಸಬಹುದು. ಹಾಲು, ತರಕಾರಿ, ಆಟೋಗೆ ಅನುಕೂಲ. ಚಟದವನಿಗೆ ಇನ್ನೂ ಜಾಸ್ತಿ ಅನುಕೂಲ. ದೀಪದ ಎಣ್ಣೆಯನ್ನು ಇಲಿಯ ಬಿಲದ ಪಕ್ಕ ಇಟ್ಟ ಹಾಗೆ.

ಆದ್ದರಿಂದ ನಾನು ಮಾಡಿ ಅನ್ನುವುದು ಒಂದೇ ಕೆಲಸ, ಅದೂ ಇವತ್ತೇ. ಮಾವ, ಮೈದುನ ಇಬ್ಬರೂ ಎದುರಿಗಿರುವಾಗ ಯುಪಿಐ ಲೈಟ್ ಬಂದ್ ಮಾಡಿ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲೇ ಇದೆ, ಉಳಿದ ದುಡ್ಡು ನಿಮ್ಮ ಖಾತೆಗೆ ವಾಪಸ್ ಬರುತ್ತದೆ. ಕೂತಲ್ಲೇ ಫೋನಿನ ಲಾಕ್ ಮತ್ತು ಯುಪಿಐ ಪಿನ್ ಬದಲಿಸಿ. "ಇನ್ನು ಮೇಲೆ ನನ್ನ ಖಾತೆಯಿಂದ ಆಟಕ್ಕೆ ಒಂದು ರೂಪಾಯಿ ಹೋಗಲ್ಲ, ಆಟದ್ದು ಒಂದು ರೂಪಾಯಿ ಬರಲ್ಲ" ಅಂತ ಹೇಳಿ. ಕಾರಣ ವಿವರಿಸುತ್ತಾ ಕೂರಬೇಡಿ. ಯಜಮಾನರು ಊರಿಗೆ ಬಂದ ರಾತ್ರಿ ಅವರಿಗೆ ಹೇಳಿ.

ಹಿಸ್ಟರಿ ಅಳಿಸಬೇಡಿ. ಆ ಎರಡು ಸಲ ಬಂದ ದುಡ್ಡಿನ ತಾರೀಖು, ಕಳಿಸಿದವರ ಹೆಸರು, ಯುಟಿಆರ್ ನಂಬರ್ (ಪ್ರತಿ ಹಣ ವರ್ಗಾವಣೆಗೂ ಇರುವ ಗುರುತಿನ ಸಂಖ್ಯೆ) ಬರೆದಿಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಮೈದುನನ ಟೆಲಿಗ್ರಾಂ ಮೆಸೇಜುಗಳದ್ದೂ ಇರಲಿ. ಮುಂದೆ ಖಾತೆಗೆ ತಡೆ ಬಿದ್ದರೆ ದೂರಿನ ನಂಬರ್ ಮತ್ತು ಠಾಣೆಯ ಹೆಸರನ್ನು ಬ್ಯಾಂಕಿನಿಂದ ಬರವಣಿಗೆಯಲ್ಲೇ ಕೇಳಿ ತೆಗೆದುಕೊಳ್ಳಿ.

ಮೇಷ್ಟ್ರಿಗೆ ಮಗನಿಗಾಗಿ ಖರ್ಚು ಮಾಡುವ ಮನಸ್ಸಿದೆ, ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಗೇಮ್ ಚಟಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಕರೆದುಕೊಂಡು ಹೋಗಲಿ. ಅದಕ್ಕೂ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಲಿ. ಕಾಸು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ. ಹುಡುಗ ಒಪ್ಪದಿದ್ದರೆ ಅಪ್ಪನೇ ಮಾತಾಡಲಿ. ಹೇಗೆ ನಿಭಾಯಿಸಬೇಕು ಅಂತ ಮನೆಯವರಿಗೂ ಹೇಳಿಕೊಡುತ್ತಾರೆ.

ನೀವು ಕೊನೆಗೆ ಇನ್ನೊಂದು ಕೇಳಿದ್ದೀರಿ: ಮುಂದಿನ ತಿಂಗಳು ಅವನು ಕೆಲಸದ ಅರ್ಜಿ ಹಾಕಬೇಕು, ಶುಲ್ಕಕ್ಕೆ ದುಡ್ಡು ಕೇಳಿದರೆ ಇಲ್ಲ ಅನ್ನಲಾ? ಇಲ್ಲ ಅನ್ನಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಕಟ್ಟಿ, ರಸೀದಿ ನೀವೇ ಇಟ್ಟುಕೊಳ್ಳಿ. ಫೋನ್ ಮಾತ್ರ ಅವನ ಕೈಗೆ ಹೋಗಬಾರದು.